ಹಾಲು ಎಲ್ಲಿ ಹೋಯ್ತು ಅಂತ ಕೇಳೋದೇ ಆ ಕಥೆಯ ಜೀವ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಕ್ರಾಂತಿ ಮತ್ತು ಕಾದಂಬರಿಗಳ ಬಗ್ಗೆ ಬಂದಿದ್ದ ಲೇಖನ ಓದಿದೆ, ಒಂದು ಸಲ ಅಲ್ಲ ಎರಡು ಸಲ ಓದಿದೆ. ಬರೆದವರು ಚೆನ್ನಾಗಿ ಓದಿಕೊಂಡಿದಾರೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಜಾರ್ಜ್ ಆರ್ವೆಲ್ ಬರೆದ ‘ಅನಿಮಲ್ ಫಾರ್ಮ್’ ಇಟ್ಕೊಂಡು ಅವರು ಕೊನೆಗೆ ಹೇಳಿದ್ದು ಏನಂದ್ರೆ ಯಾವ ಕ್ರಾಂತಿ ಆದ್ರೂ ಇಷ್ಟೇ, ಹಳೇ ದಣಿ ಹೋಗ್ತಾನೆ ಹೊಸ ದಣಿ ಬರ್ತಾನೆ, ಆ ಕಥೆ ಇದನ್ನೇ ಸಾರ್ತಿದೆ, ಹಾಗಾಗಿ ಜನ ತಮ್ಮ ಪಾಡಿಗೆ ತಾವಿರೋದೇ ವಾಸಿ ಅನ್ನೋ ಅರ್ಥದ ಮಾತು. ಇದನ್ನ ಓದಿ ನನಗೆ ತುಂಬಾ ಬೇಜಾರಾಯ್ತು. ಯಾಕಂದ್ರೆ ಇದೇ ಮಾತನ್ನ ನಾನು ಸ್ಟಾಫ್ ರೂಮಲ್ಲಿ ಕೇಳಿದೀನಿ, ಮದುವೆ ಮನೇಲಿ ಕೇಳಿದೀನಿ, ಪುಸ್ತಕ ಓದಿದವರೂ ಹೇಳ್ತಾರೆ ಓದದೇ ಇದ್ದವರೂ ಹೇಳ್ತಾರೆ. ಆ ಕಥೆ ಅಂಥ ಮಾತು ಹೇಳೋದೇ ಇಲ್ಲ ಅನ್ನೋದು ನನ್ನ ತಕರಾರು, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಮಂಡ್ಯ ಜಿಲ್ಲೆಯ ಮದ್ದೂರು ಕಡೆಯ ಹಳ್ಳಿಯವಳು, ಈಗ ಇರೋದು ಮೈಸೂರಿನ ಸರಸ್ವತಿಪುರಂನಲ್ಲಿ, 26 ವರ್ಷದಿಂದ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡ್ತಿದೀನಿ. ಆ ಪುಸ್ತಕ ಮೊದಲು ಓದಿದ್ದು ಮಹಾರಾಣಿ ಕಾಲೇಜಿಗೆ ಹೋಗ್ತಿದ್ದಾಗ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತಲ್ಲಿ ಹೇಳ್ತೀನಿ. ಇಂಗ್ಲೆಂಡಿನ ಒಂದು ಫಾರ್ಮ್, ಅದರ ಯಜಮಾನ ಜೋನ್ಸ್ ಕುಡುಕ, ಒಂದಿನ ಪ್ರಾಣಿಗಳಿಗೆ ಮೇವೇ ಹಾಕಲ್ಲ, ಹಸಿವು ತಡೀಲಾರದೆ ಅವು ತಿರುಗಿಬಿದ್ದು ಅವನನ್ನ ಓಡಿಸ್ತವೆ. ಇನ್ಮೇಲೆ ಎಲ್ಲಾ ಪ್ರಾಣಿಗಳೂ ಸಮಾನ ಅಂತ ಗೋಡೆ ಮೇಲೆ ಏಳು ಕಟ್ಟಳೆ ಬರೀತವೆ. ಓದು ಬರಹ ಕಲಿತ ಹಂದಿಗಳು ಮೇಲ್ವಿಚಾರಣೆಗೆ ನಿಲ್ತವೆ, ನಿಧಾನಕ್ಕೆ ಅವೇ ದಣಿಗಳಾಗ್ತವೆ, ಕೊನೇ ಪುಟದಲ್ಲಿ ಹಂದಿ ಯಾವುದು ಮನುಷ್ಯ ಯಾವುದು ಅಂತ ಗುರುತು ಹಿಡಿಯೋಕಾಗಲ್ಲ. 1917ರ ರಷ್ಯಾ ಕ್ರಾಂತಿ ಮತ್ತು ಅದು ಮುಂದೆ ಏನಾಯ್ತು ಅನ್ನೋದೇ ಈ ಕಥೆಯ ಒಳಗಿರೋದು. ನೆಪೋಲಿಯನ್ ಅನ್ನೋ ಹಂದಿ ಅಂದ್ರೆ ಕ್ರಾಂತಿ ಆದ್ಮೇಲೆ ಆ ದೇಶ ಆಳಿದ ಸ್ಟಾಲಿನ್, ಸ್ನೋಬಾಲ್ ಅನ್ನೋ ಹಂದಿ ಅಂದ್ರೆ ಅದೇ ಕ್ರಾಂತಿಯ ಇನ್ನೊಬ್ಬ ನಾಯಕ, ಸ್ಟಾಲಿನ್‌ನ ಎದುರಾಳಿ ಟ್ರಾಟ್ಸ್ಕಿ.

ಎಲ್ಲರೂ ಆ ಕೊನೇ ಪುಟ ಹಿಡ್ಕೊಂಡು ಮಾತಾಡ್ತಾರೆ. ಆದ್ರೆ ಬರೆದವನೇ ತೋರಿಸಿದ ಜಾಗ ಬೇರೆ. 1946ರ ಡಿಸೆಂಬರ್‌ನಲ್ಲಿ ಅಮೆರಿಕದ ಒಬ್ಬ ಸಂಪಾದಕ ಗೆಳೆಯನಿಗೆ ಬರೆದ ಕಾಗದದಲ್ಲಿ ಆರ್ವೆಲ್ ಸ್ಪಷ್ಟವಾಗಿ ಹೇಳಿದಾನೆ, ಈ ಕಥೆಯ ತಿರುವು ಇರೋದು ಹಂದಿಗಳು ಹಾಲು ಮತ್ತು ಸೇಬನ್ನ ತಮಗೇ ಇಟ್ಕೊಂಡಾಗ, ಆವಾಗ್ಲೇ ಉಳಿದ ಪ್ರಾಣಿಗಳು ಎದ್ದು ನಿಂತು ಬೇಡ ಅಂದಿದ್ರೆ ಎಲ್ಲಾ ಸರಿಹೋಗ್ತಿತ್ತು ಅಂತ. ಜನ ಎಚ್ಚರವಾಗಿದ್ದು, ಕೆಲಸ ಮುಗಿದ ಕೂಡಲೇ ನಾಯಕರನ್ನ ಕೆಳಗಿಳಿಸೋದು ಕಲಿತಿದ್ರೆ ಮಾತ್ರ ಕ್ರಾಂತಿಯಿಂದ ಒಳ್ಳೇದಾಗುತ್ತೆ ಅನ್ನೋದೇ ತಾನು ಹೇಳೋಕೆ ಹೊರಟಿದ್ದು ಅಂತಾನೂ ಬರೆದಿದಾನೆ. ಇದಕ್ಕೂ ‘ತಮ್ಮ ಪಾಡಿಗೆ ತಾವಿರೋದೇ ವಾಸಿ’ ಅನ್ನೋದಕ್ಕೂ ಎಲ್ಲಿಂದೆಲ್ಲಿಗೆ ಸಂಬಂಧ ಹೇಳಿ.

ಆ ಹಾಲಿನ ಭಾಗ ತುಂಬಾ ಚಿಕ್ಕದು, ಓದ್ತಾ ಓದ್ತಾ ದಾಟಿ ಹೋಗಿಬಿಡ್ತೀವಿ. ಜೋನ್ಸ್‌ನ ಓಡಿಸಿದ ಮಾರನೇ ದಿನ. ಹಸುಗಳಿಗೆ ಹಾಲು ಕರೆದು ಇಪ್ಪತ್ನಾಲ್ಕು ಗಂಟೆ ಆಗಿದೆ, ಕೆಚ್ಚಲು ಬಿರಿಯೋ ಹಾಗಾಗಿದೆ. ಹಂದಿಗಳು ಹೆಂಗೋ ಮಾಡಿ ಕರೀತವೆ, ಐದು ಬಕೆಟ್ ನೊರೆ ಹಾಲು. ಈ ಹಾಲನ್ನ ಏನು ಮಾಡೋದು ಅಂತ ಒಂದು ಪ್ರಾಣಿ ಕೇಳೇ ಕೇಳುತ್ತೆ. ಜೋನ್ಸ್ ಇದ್ದಾಗ ನಮ್ಮ ತೌಡಿಗೆ ಒಂದಷ್ಟು ಬೆರೆಸ್ತಿದ್ದ ಅಂತ ಒಂದು ಕೋಳಿ ಹೇಳುತ್ತೆ. ಅಂದ್ರೆ ಆ ದುಷ್ಟನ ಕಾಲದಲ್ಲೇ ಕೋಳಿಗಳಿಗೆ ಹಾಲಿನ ರುಚಿ ಗೊತ್ತಿತ್ತು, ಇದನ್ನ ಗಮನಿಸಿ. ನೆಪೋಲಿಯನ್ ಬಕೆಟ್‌ಗಳ ಮುಂದೆ ಬಂದು ಅಡ್ಡ ನಿಂತು, ಹಾಲಿನ ಚಿಂತೆ ಬಿಡಿ ಅದನ್ನ ನೋಡ್ಕೊಳ್ಳೋಣ, ಮೊದಲು ಹುಲ್ಲು ಕೊಯ್ಲು ಮುಗಿಸಿ ಅಂತಾನೆ. ಎಲ್ಲಾ ಖುಷಿಯಾಗಿ ಹೊಲಕ್ಕೆ ಹೋಗ್ತವೆ, ಸಂಜೆ ಬಂದು ನೋಡಿದ್ರೆ ಹಾಲಿಲ್ಲ.

ಈ ಕಥೆಯನ್ನ ನಾನು ಒಂದ್ಸಲ ನಮ್ಮವ್ವನಿಗೆ ಹೇಳಿದ್ದೆ. ಅವ್ವನಿಗೆ ಈಗ 76, ಅಕ್ಷರ ಬರಲ್ಲ, ಈಗ್ಲೂ ಎರಡು ಹಸು ಕಟ್ಟಿದಾಳೆ. ರಜೆಗೆ ಹೋಗಿದ್ದೆ, ಸಂಜೆ ಅವ್ವ ಹಾಲು ಕರೀತಿದ್ಲು, ನಾನು ಪಕ್ಕದಲ್ಲಿ ಕೂತು ಹೇಳ್ತಿದ್ದೆ. ಹಾಲಿನ ಭಾಗ ಬಂತು, ನಾನು ಹೇಳಿ ಮುಂದಕ್ಕೆ ಹೋದೆ, ಅವ್ವ ಕೆಚ್ಚಲಿಂದ ಕೈ ತೆಗೆದು ತಿರುಗಿ ನೋಡಿ “ಅಲ್ಲ ಕನೆ, ಬೆಳಿಗ್ಗೆ ಕೇಳ್ದೋವು ಸಾಯಂಕಾಲ ಯಾಕೆ ಕೇಳ್ನಿಲ್ಲ?” ಅಂದ್ಲು. ನನ್ನ ಹತ್ರ ಉತ್ತರ ಇರ್ಲಿಲ್ಲ. ಅಷ್ಟು ವರ್ಷದಲ್ಲಿ ನಾನು ಆ ಜಾಗದಲ್ಲಿ ಒಂದು ಸಲಾನೂ ನಿಂತಿರ್ಲಿಲ್ಲ, ಯಾವ ಹಂದಿ ಯಾವ ನಾಯಕ ಅಂತ ಹೊಂದಿಸೋದ್ರಲ್ಲೇ ಇದ್ದೆ. ಲೈಬ್ರರಿ ಪೀರಿಯಡ್‌ನಲ್ಲಿ ಮಕ್ಕಳಿಗೂ ಹಾಗೇ ಹೇಳಿಕೊಟ್ಟಿದ್ದೆ, ಬೋರ್ಡ್ ಮೇಲೆ ಈ ಕಡೆ ಪ್ರಾಣಿ ಆ ಕಡೆ ಹೆಸರು, ಗೆರೆ ಎಳೀರಿ ಅಂತ. ಗೆರೆ ಎಳೆದ ತಕ್ಷಣ ಮಕ್ಕಳಿಗೆ ಕಥೆ ಮುಗಿದುಹೋಗುತ್ತೆ, ಅದು ರಷ್ಯಾದವರ ಪಾಡು ಅಂತಾಗಿಬಿಡುತ್ತೆ. ಹಾಗೆ ಪಾಠ ಮಾಡಿದ್ದು ತಪ್ಪು ಅಂತ ಈಗ ಅನ್ಸುತ್ತೆ.

ಅವ್ವ ಅಲ್ಲೇ ಯಾಕೆ ನಿಂತ್ಲು ಅನ್ನೋದಕ್ಕೆ ಕಾರಣ ಇದೆ, ಅದನ್ನೂ ಹೇಳ್ಬೇಕು. ನಮ್ಮ ಕಡೆ ಹಾಲಿನ ಡೇರಿ ಬರೋಕೆ ಮುಂಚೆ ಖಾಸಗಿಯವರು ಬಂದು ಹಾಲು ಅಳೆಸ್ಕೊಂಡು ಹೋಗ್ತಿದ್ರು, ಅಳತೇಲಿ ಮೋಸ, ದುಡ್ಡು ಅವರು ಕೊಟ್ಟಾಗ ಇಸ್ಕೊಳ್ಬೇಕು, ಜಾಸ್ತಿ ಮಾತಾಡಿದ್ರೆ ನಾಳೆಯಿಂದ ನಿಮ್ಮ ಹಾಲು ಬೇಡ. ಊರವರೆಲ್ಲಾ ಸೇರಿ, ಓಡಾಡಿ, ಷೇರು ಹಾಕಿ ನಮ್ಮದೇ ಸಂಘ ಮಾಡ್ಕೊಂಡಾಗ ಹಬ್ಬದ ಥರ ಇತ್ತು, ತೋರಣ ಕಟ್ಟಿದ್ದು ನನಗೆ ನೆನಪಿದೆ. ಆಮೇಲೆ ಬಹಳ ವರ್ಷ ಆದ್ಮೇಲೆ ಶುರುವಾಗಿದ್ದು ಸ್ಯಾಂಪಲ್ ಹಾಲಿನ ವಿಷಯ. ಡೇರಿಗೆ ಹಾಲು ಹಾಕೋರಿಗೆ ಗೊತ್ತು, ಫ್ಯಾಟ್ ನೋಡೋಕೆ ಅಂತ ಪ್ರತಿಯೊಬ್ಬರ ಹಾಲಿಂದ ಒಂದು ಸಣ್ಣ ಅಳತೆ ತೆಗೀತಾರೆ. ಟೆಸ್ಟಿಗೆ ಬೇಕಾಗೋದು ಕೊಂಚ, ಮಿಕ್ಕಿದ್ದು ಹಾಗೇ ಉಳಿಯುತ್ತೆ. ಒಬ್ಬರಿಂದ 50 ಎಂಎಲ್ ಅಂದ್ರೂ 200 ಜನ ಹಾಕಿದ್ರೆ ಒಂದು ಹೊತ್ತಿಗೆ 10 ಲೀಟರ್, ಎರಡು ಹೊತ್ತು ಸೇರಿ ದಿನಕ್ಕೆ 20 ಲೀಟರ್. ಸಂಘದ ಲೆಕ್ಕಕ್ಕೆ ಹೋಗ್ಬೇಕಾದ ಹಾಲು. ಅದು ಒಂದೆರಡು ಮನೆಗೆ ಕ್ಯಾನಲ್ಲಿ ಹೋಗ್ತಿತ್ತು, ಎಲ್ಲರೂ ನೋಡ್ತಿದ್ರು, ಯಾರೂ ಬಾಯಿ ಬಿಡ್ತಿರ್ಲಿಲ್ಲ.

ಸರ್ವಸದಸ್ಯರ ಸಭೇಲಿ ಅವ್ವ ಎದ್ದು ಕೇಳಿದ್ಲಂತೆ, ಸ್ಯಾಂಪಲ್ ಹಾಲು ಎಲ್ಲೋಯ್ತದೆ ಅಂತ. ಅದಕ್ಕೆ ಬಂದ ಉತ್ತರ ಏನು ಗೊತ್ತಾ, ಟೆಸ್ಟ್ ಮಾಡ್ದೇ ಇದ್ರೆ ಹಾಲು ವಾಪಸ್ ಬರುತ್ತೆ, ಸಂಘ ಮುಚ್ಚಿಹೋಗುತ್ತೆ, ಮತ್ತೆ ಆ ಹಳೇ ಅಳತೆಯವರು ಬರ್ತಾರೆ, ಅದೇ ಬೇಕಾ ನಿಮಗೆ ಅಂತ. ಇದನ್ನ ಅವ್ವ ಹೇಳಿದಾಗ ನನಗೆ ಮೈ ಜುಂ ಅಂತು, ಯಾಕಂದ್ರೆ ಕಥೇಲಿ ಸ್ಕ್ವೀಲರ್ ಅನ್ನೋ ಹಂದಿ ಅಕ್ಷರಶಃ ಇದೇ ವಾದ ಮಾಡುತ್ತೆ. ನಾವು ಹಾಲು ಸೇಬು ತಿನ್ನೋದು ಆಸೆಗಲ್ಲ, ತಲೆ ಓಡಿಸೋರು ನಾವು, ನಮ್ಮ ಆರೋಗ್ಯ ಕೆಟ್ರೆ ಜೋನ್ಸ್ ವಾಪಸ್ ಬರ್ತಾನೆ, ನಿಮಗೆ ಜೋನ್ಸ್ ಬೇಕಾ ಅಂತ. ಜೋನ್ಸ್ ಯಾರಿಗೂ ಬೇಡ, ಅಲ್ಲಿಗೆ ಎಲ್ಲರ ಬಾಯಿ ಕಟ್ಟಿತು. ನಮ್ಮೂರಲ್ಲಿ ಬಾಯಿ ಕಟ್ಟಲಿಲ್ಲ, ಅವ್ವನ ಜೊತೆ ಇನ್ನೂ ಏಳೆಂಟು ಹೆಂಗಸರು ಎದ್ದು ನಿಂತ್ರು, ಮುಂದಿನ ಸಭೇಲೂ ಅದನ್ನೇ ಕೇಳಿದ್ರು, ಕೊನೆಗೆ ಸ್ಯಾಂಪಲ್ ಹಾಲಿನ ದುಡ್ಡು ಸಂಘದ ಲೆಕ್ಕಕ್ಕೆ ಬಂತು. ಊರೇ ಉದ್ಧಾರ ಆಯ್ತು ಅಂತ ನಾನು ಹೇಳ್ತಿಲ್ಲ, ಆದ್ರೆ ಇದೊಂದು ಆಯ್ತು.

ಈಗ ರಷ್ಯಾಕ್ಕೆ ಬರ್ತೀನಿ, ಯಾಕಂದ್ರೆ ಆ ಹಾಲಿನ ಹಿಂದೆ ಒಂದು ನಿಜವಾದ ಘಟನೆ ಇದೆ, ಲೇಖನದಲ್ಲಿ ಅದರ ಸುದ್ದಿನೇ ಇರ್ಲಿಲ್ಲ. ಆರ್ವೆಲ್ ಅದೇ ಕಾಗದದಲ್ಲಿ ಹಾಲು ಸೇಬಿನ ಮಾತಿನ ಪಕ್ಕದಲ್ಲಿ ಒಂದು ಊರಿನ ಹೆಸರು ಬರೆದಿದಾನೆ, ಕ್ರೋನ್‌ಸ್ಟಾಟ್. ಪೆಟ್ರೋಗ್ರಾಡ್, ಅಂದ್ರೆ ಈಗಿನ ಸೇಂಟ್ ಪೀಟರ್ಸ್‌ಬರ್ಗ್ ಹತ್ರದ ನೌಕಾನೆಲೆ ಅದು. ಅಲ್ಲಿನ ನಾವಿಕರು 1917ರ ಕ್ರಾಂತಿಗೆ ಮುಂದೆ ನಿಂತವರು. ಅದೇ ಊರಿನ ನಾವಿಕರು 1921ರ ಮಾರ್ಚ್‌ನಲ್ಲಿ ಕೇಳಿದ್ದು ಏನು, ಗುಪ್ತ ಮತದಾನದಲ್ಲಿ ಸೋವಿಯತ್‌ಗಳಿಗೆ, ಅಂದ್ರೆ ದುಡಿಯೋರ ಪ್ರತಿನಿಧಿ ಸಭೆಗಳಿಗೆ, ಹೊಸ ಚುನಾವಣೆ ಮಾಡಿ, ಕಾರ್ಮಿಕರಿಗೂ ರೈತರಿಗೂ ಮಾತಾಡೋ ಸ್ವಾತಂತ್ರ್ಯ ಕೊಡಿ, ದುಡಿಯೋರಿಗೆಲ್ಲಾ ಒಂದೇ ಸಮ ರೇಷನ್ ಕೊಡಿ. ನೋಡಿ, ರೇಷನ್. ಹಾಲಿನ ಪ್ರಶ್ನೆನೇ ಅದು. ಉತ್ತರವಾಗಿ ಹೆಪ್ಪುಗಟ್ಟಿದ ಸಮುದ್ರದ ಮೇಲೆ ಕ್ರಾಂತಿ ಸರ್ಕಾರದ್ದೇ ಕೆಂಪು ಸೇನೆ ಬಂತು, ಸಾವಿರಾರು ಜನ ಸತ್ರು. ಆಗ ಸೇನೆಯ ಹೊಣೆ ಹೊತ್ತಿದ್ದವನು ಟ್ರಾಟ್ಸ್ಕಿ. ಎಂಟೇ ವರ್ಷಕ್ಕೆ, 1929ರಲ್ಲಿ ಆ ಟ್ರಾಟ್ಸ್ಕಿಯನ್ನೇ ಸ್ಟಾಲಿನ್ ದೇಶ ಬಿಟ್ಟು ಓಡಿಸಿದ, 1940ರಲ್ಲಿ ಮೆಕ್ಸಿಕೋದಲ್ಲಿ ಕೊಲ್ಲಿಸಿದ.

ಇದಕ್ಕೇ ನಾನು ಹೇಳೋದು, ಒಳ್ಳೆ ಹಂದಿ ಸ್ನೋಬಾಲ್ ಇದ್ದಿದ್ರೆ ಎಲ್ಲಾ ಸರಿ ಇರ್ತಿತ್ತು ಅಂತ ಓದೋದೂ ತಪ್ಪು. ಕಥೇಲಿ ಬೇರೆ ಯಾವ ವಿಷಯದಲ್ಲೂ ಒಂದಾಗದ ನೆಪೋಲಿಯನ್ ಮತ್ತು ಸ್ನೋಬಾಲ್ ಹಾಲು ಸೇಬಿನ ವಿಷಯದಲ್ಲಿ ಮಾತ್ರ ಒಂದಾಗ್ತಾರೆ. ಒಂದೇ ಒಂದು ಸಾಲಲ್ಲಿ ಬರುತ್ತೆ ಅದು. ಆ ಸಾಲು ಬರೆಯೋಕೆ ಕ್ರೋನ್‌ಸ್ಟಾಟ್ ಗೊತ್ತಿರ್ಬೇಕು, ಓದೋಕೂ ಅಷ್ಟೇ. ಹಾಗಾಗಿ ಇತಿಹಾಸ ಬೇಡ ಬರೀ ಕಥೆ ಸಾಕು ಅಂತ ನಾನು ಹೇಳ್ತಿಲ್ಲ, ಇತಿಹಾಸ ಬೇಕು, ಗೆರೆ ಎಳೆದು ಮುಚ್ಚಿಡೋಕಲ್ಲ, ಕಥೆಯನ್ನ ಇನ್ನೂ ಹತ್ತಿರಕ್ಕೆ ಎಳ್ಕೊಳ್ಳೋಕೆ.

ಆರ್ವೆಲ್ ಇದನ್ನೆಲ್ಲಾ ಕೂತಲ್ಲೇ ಕಲ್ಪಿಸಿಕೊಂಡವನಲ್ಲ. ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ, 1903ರಲ್ಲಿ. ಬರ್ಮಾದಲ್ಲಿ ಬ್ರಿಟಿಷ್ ಪೊಲೀಸ್ ಆಗಿ ಐದು ವರ್ಷ ಕೆಲಸ ಮಾಡಿ, ದಬ್ಬಾಳಿಕೆ ಅಂದ್ರೇನು ಅಂತ ದಬ್ಬಾಳಿಕೆ ಮಾಡೋರ ಕಡೆಯಿಂದಲೇ ನೋಡಿದವನು. 1936ರ ಕೊನೇಲಿ ಸ್ಪೇನ್‌ಗೆ ಹೋಗಿ ಫ್ಯಾಸಿಸ್ಟರ ವಿರುದ್ಧ ಬಂದೂಕು ಹಿಡಿದ, 1937ರ ಮೇ ತಿಂಗಳಲ್ಲಿ ಗಂಟಲಿಗೆ ಗುಂಡು ಬಿತ್ತು, ಬದುಕಿದ್ದೇ ಹೆಚ್ಚು. ಅಷ್ಟಾದ್ಮೇಲೆ ತಮ್ಮದೇ ಕಡೆ ನಿಂತು ಹೋರಾಡ್ತಿದ್ದವರು, ಸ್ಟಾಲಿನ್ ಹೇಳಿದ ಹಾಗೆ ಕೇಳೋರು, ಇವನಿದ್ದ ಗುಂಪಿನವರನ್ನೇ ದ್ರೋಹಿಗಳು ಅಂತ ಹಿಡಿದು ಜೈಲಿಗೆ ಹಾಕೋಕೆ ಶುರು ಮಾಡಿದ್ರು, ಗಂಡ ಹೆಂಡತಿ ತಪ್ಪಿಸ್ಕೊಂಡು ಫ್ರಾನ್ಸ್‌ಗೆ ಬಂದ್ರು. ಇಷ್ಟೆಲ್ಲಾ ಆದ್ಮೇಲೂ ಆತ ಸಮಾಜವಾದ ಬಿಡ್ಲಿಲ್ಲ. ಕ್ರಾಂತಿನೇ ಬೇಡ ಅನ್ನೋನಾಗಿದ್ರೆ ಅವತ್ತೇ ಬಿಟ್ಟು ಮನೇಲಿ ಕೂರ್ತಿದ್ದ.

ಕಥೆ ಹುಟ್ಟಿದ್ದು ಹೇಗೆ ಅಂತ 1947ರಲ್ಲಿ ಉಕ್ರೇನಿಯನ್ ಅನುವಾದಕ್ಕೆ ಬರೆದ ಮುನ್ನುಡಿಯಲ್ಲಿ ಹೇಳಿದಾನೆ, ಇದು ನನಗೆ ತುಂಬಾ ಇಷ್ಟ. ಹಳ್ಳೀಲಿದ್ದಾಗ ಒಂದಿನ ಹತ್ತು ವರ್ಷದ ಹುಡುಗ ಒಂದು ದೊಡ್ಡ ಗಾಡಿ ಕುದುರೆಯನ್ನ ಇಕ್ಕಟ್ಟಾದ ದಾರೀಲಿ ಹೊಡ್ಕೊಂಡು ಹೋಗ್ತಿದ್ದ, ಅದು ಪಕ್ಕಕ್ಕೆ ತಿರುಗೋಕೆ ನೋಡಿದಾಗೆಲ್ಲಾ ಚಾಟಿ. ಇವಕ್ಕೆ ತಮ್ಮ ಬಲ ಏನು ಅಂತ ಗೊತ್ತಾಗಿಬಿಟ್ರೆ ನಮ್ಮ ಕೈಲಿ ಏನೂ ಆಗಲ್ಲ ಅಂತ ಅದನ್ನ ನೋಡ್ತಿದ್ದ ಆರ್ವೆಲ್‌ಗೆ ಹೊಳೀತು. ನಮ್ಮ ಕಡೆ ಕಬ್ಬಿನ ಗಾಡಿ ನೋಡಿದವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ದಾರೀಲಿ ಟನ್‌ಗಟ್ಟಲೆ ಕಬ್ಬು ಎಳೀತಾ ಬಾಯಲ್ಲಿ ನೊರೆ ಸುರಿಸೋ ಜೋಡೆತ್ತು, ಮುಂದೆ ಮೂಗುದಾರ ಹಿಡಿದಿರೋದು ಒಂದು ಹುಡುಗ. ಕಥೇಲಿ ಬರೋ ಬಾಕ್ಸರ್ ಅನ್ನೋ ಕುದುರೆ ಇನ್ನೂ ಜಾಸ್ತಿ ದುಡೀತೀನಿ, ನೆಪೋಲಿಯನ್ ಹೇಳಿದ್ದೇ ಸರಿ ಅಂತ ಅಂದ್ಕೊಂಡೇ ದುಡಿದು ದುಡಿದು ಬಿದ್ದುಹೋಗಿ ಕೊನೆಗೆ ಕಟುಕರ ಗಾಡಿ ಹತ್ತೋದನ್ನ ಓದುವಾಗ ನನಗೆ ನಮ್ಮಪ್ಪನೇ ನೆನಪಾಗ್ತಾರೆ.

ಆ ಪುಸ್ತಕಕ್ಕೆ ಪಟ್ಟ ಪಾಡೂ ಕಡಿಮೆ ಅಲ್ಲ. 1944ರ ಶುರುವಿನಲ್ಲಿ ಬರೆದು ಮುಗಿಸಿದ, ಆಗ ಯುದ್ಧದಲ್ಲಿ ರಷ್ಯಾ ಬ್ರಿಟನ್ ಒಂದೇ ಕಡೆ, ಸ್ಟಾಲಿನ್‌ಗೆ ಬೇಜಾರು ಮಾಡೋ ಹಾಗಿಲ್ಲ. ನಾಲ್ಕು ಪ್ರಕಾಶಕರು ಆಗಲ್ಲ ಅಂದ್ರು. ದೊಡ್ಡ ಕವಿ ಟಿ.ಎಸ್. ಎಲಿಯಟ್ ಕೂಡಾ ತಮ್ಮ ಪ್ರಕಾಶನದ ಪರವಾಗಿ ಬೇಡ ಅಂದ್ರು, ಬೇಕಿದ್ದದ್ದು ಜಾಸ್ತಿ ಕಮ್ಯುನಿಸಂ ಅಲ್ಲ, ಜನಪರ ಕಾಳಜಿ ಇರೋ ಹಂದಿಗಳು ಅಂತ ಯಾರಾದ್ರೂ ವಾದಿಸಬಹುದು ಅಂತ ಬರೆದ್ರು. ಕೊನೆಗೆ 1945ರ ಆಗಸ್ಟ್ 17ಕ್ಕೆ ಹೊರಬಂತು, ಆಗ ಯುದ್ಧ ಮುಗಿದಿತ್ತು. ಆಮೇಲೆ ಉಲ್ಟಾ ಆಟ ಶುರುವಾಯ್ತು, ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಗುಟ್ಟಾಗಿ ದುಡ್ಡು ಹಾಕಿ 1954ರಲ್ಲಿ ಇದನ್ನ ಕಾರ್ಟೂನ್ ಸಿನಿಮಾ ಮಾಡಿಸ್ತು, ಕೊನೇನೂ ಬದಲಾಯಿಸಿದ್ರು. ಒಬ್ಬರಿಗೆ ಮುಚ್ಚಿಡೋಕೆ ಬೇಕಾಗಿತ್ತು, ಇನ್ನೊಬ್ಬರಿಗೆ ಆಯುಧ ಮಾಡ್ಕೊಳ್ಳೋಕೆ.

ಪುಸ್ತಕದ ಕೊನೇ ದೃಶ್ಯದ ಬಗ್ಗೇನೂ ಆ ಮುನ್ನುಡಿಯಲ್ಲಿದೆ. ಹಂದಿಗಳೂ ಮನುಷ್ಯರೂ ಕೂತು ಇಸ್ಪೀಟ್ ಆಡೋದು ಇಬ್ಬರೂ ರಾಜಿಯಾದ್ರು ಅಂತ ತೋರಿಸೋಕಲ್ಲವಂತೆ, ಜಗಳದಲ್ಲಿ ಮುಗೀಲಿ ಅಂತಾನೇ ಬರೆದಿದ್ದಂತೆ. 1943ರ ಕೊನೇಲಿ ಟೆಹರಾನ್‌ನಲ್ಲಿ ಸ್ಟಾಲಿನ್, ಚರ್ಚಿಲ್, ರೂಸ್‌ವೆಲ್ಟ್ ಮೂವರೂ ಕೂತು ಮಾತಾಡಿದ್ರು, ಇನ್ನು ಸ್ನೇಹ ಗಟ್ಟಿ ಅಂತ ಎಲ್ಲರೂ ನಂಬಿದ್ರು, ಆರ್ವೆಲ್ ನಂಬಲಿಲ್ಲ.

ಲೇಖಕರು ಇನ್ನೊಂದು ಮಾತು ಬರೆದಿದಾರೆ, ಇಂಥ ರಾಜಕೀಯ ರೂಪಕ ನಮ್ಮ ಮಣ್ಣಿಂದಲ್ಲ ಅಂತ. ಇದು ಎಲ್ಲಿಯ ಮಾತು? ಮನೇಲಿ ಅತ್ತೆ ಮಗಳನ್ನ ಬೈಯೋ ಥರ ಮಾಡಿ ಸೊಸೆಗೆ ಮುಟ್ಟಿಸ್ತಾಳಲ್ಲ, ಆ ವಿದ್ಯೆ ನಮಗೆ ಯಾರೂ ಕಲಿಸ್ಬೇಕಾಗಿಲ್ಲ. 11ನೇ ಶತಮಾನದಲ್ಲೇ ದುರ್ಗಸಿಂಹ ಅನ್ನೋ ಕವಿ ತನ್ನ ‘ಪಂಚತಂತ್ರ’ದಲ್ಲಿ ಸಿಂಹ ನರಿ ಎತ್ತುಗಳನ್ನ ಇಟ್ಕೊಂಡು ಆಸ್ಥಾನದ ರಾಜಕೀಯವನ್ನ ಕನ್ನಡದಲ್ಲಿ ಬರೆದಿದಾನೆ. ಕಾರ್ನಾಡರ ತುಘಲಕ್ 1964ರದ್ದು, ಆ ಸುಲ್ತಾನನ ಕನಸು ಕುಸಿಯೋದ್ರಲ್ಲಿ ನೆಹರೂ ಕಾಲವನ್ನ ಜನ ಕಂಡ್ರು. 12ನೇ ಶತಮಾನದ ಕಲ್ಯಾಣದಲ್ಲಿ ಆದದ್ದನ್ನಂತೂ ನಮ್ಮ ನಾಟಕಕಾರರು ಮತ್ತೆ ಮತ್ತೆ ಬರೆದಿದಾರೆ. ಹರಳಯ್ಯ ಮಧುವರಸರ ಮಕ್ಕಳ ಮದುವೆ, ಅದಕ್ಕೆ ಕೊಟ್ಟ ಶಿಕ್ಷೆ, ಶರಣರು ಚೆಲ್ಲಾಪಿಲ್ಲಿಯಾಗಿದ್ದು. ಅದನ್ನ ಬರೆದ ಯಾರೂ ಜಾತಿ ಮೀರಿ ಮದುವೆ ಮಾಡಿದ್ದು ತಪ್ಪು, ಸುಮ್ಮನಿರ್ಬೇಕಿತ್ತು ಅಂತ ಹೇಳೋಕೆ ಬರೀಲಿಲ್ಲ. ಸೋಲಿನ ಕಥೆ ಬರೆದ ಮಾತ್ರಕ್ಕೆ ಸೋತವರು ಎದ್ದಿದ್ದೇ ತಪ್ಪು ಅಂತಾಗಲ್ಲ.

ನಮ್ಮದೇ ಜಿಲ್ಲೆ ನೋಡಿ. ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಬಾವುಟ ಹಾರಿಸ್ಬಾರ್ದು ಅಂತ ಆಜ್ಞೆ ಇದ್ರೂ ಹಾರಿಸಿದ್ರು, ನಾಯಕರನ್ನ ಬಂಧಿಸಿದ್ರು, ಜನ ಜಗ್ಗಲಿಲ್ಲ. ಮೈಸೂರಲ್ಲಿ ದಿನಾ ಬಸ್ಸಲ್ಲಿ ದಾಟ್ತೀವಲ್ಲ ರಾಮಸ್ವಾಮಿ ಸರ್ಕಲ್, ಆ ರಾಮಸ್ವಾಮಿ ಹೈಸ್ಕೂಲ್ ಹುಡುಗ, ದೇಶಕ್ಕೆ ಸ್ವಾತಂತ್ರ್ಯ ಬಂದು ತಿಂಗಳಾಗಿತ್ತು, 1947ರ ಸೆಪ್ಟೆಂಬರ್‌ನಲ್ಲಿ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬೇಕು ಅಂತ ಮಾಡಿದ ಚಳವಳೀಲಿ ಗುಂಡು ತಗುಲಿ ಸತ್ತ. ಮುಂದಿನ ತಿಂಗಳೇ ಜನರ ಮಂತ್ರಿಮಂಡಲ ಬಂತು. ಅದಾದ್ಮೇಲೆ ಬಂದ ಸರ್ಕಾರಗಳು ಎಷ್ಟೋ ತಪ್ಪು ಮಾಡಿರಬಹುದು, ಅದಕ್ಕೆ ಆ ಹುಡುಗ ಮನೇಲೇ ಇರ್ಬೇಕಿತ್ತು ಅಂತ ಹೇಳೋಕೆ ನನ್ನ ಬಾಯಿ ಬರಲ್ಲ.

ಸಂಪಾದಕರಲ್ಲಿ ಒಂದು ವಿನಂತಿ. ಆರ್ವೆಲ್‌ನ 1947ರ ಮುನ್ನುಡಿಯನ್ನ ಯಾರ ಕೈಲಾದ್ರೂ ಸರಳ ಕನ್ನಡಕ್ಕೆ ಮಾಡಿಸಿ ಪುರವಣಿಯಲ್ಲಿ ಒಂದು ಪುಟ ಹಾಕಿ, ಅದರ ಪಕ್ಕದಲ್ಲೇ ಕ್ರೋನ್‌ಸ್ಟಾಟ್ ಬಗ್ಗೆ ನಾಲ್ಕು ಸಾಲು ಇರ್ಲಿ. ನಮ್ಮ ಶಾಲೆ ಮಕ್ಕಳು ಓದ್ತಾರೆ, ಈ ಸಲ ನಾನು ಬೋರ್ಡ್ ಮೇಲೆ ಗೆರೆ ಎಳೆಸಲ್ಲ, ಹಾಲಿನ ಭಾಗಕ್ಕೆ ಬಂದಾಗ ಪುಸ್ತಕ ಮುಚ್ಚಿಸಿ ಅವ್ವನ ಪ್ರಶ್ನೆ ಕೇಳ್ತೀನಿ.

ಲೇಖಕರಿಗೂ ನನ್ನ ಆಹ್ವಾನ ಇದೆ, ಮದ್ದೂರು ಕಡೆ ಬಂದ್ರೆ ನಮ್ಮೂರಿಗೆ ಬನ್ನಿ. ಸಂಜೆ ಐದೂವರೆಗೆ ಡೇರಿ ಬಾಗಿಲು ತೆಗೀತಾರೆ, ಒಳಗೆ ಹೋದ ತಕ್ಷಣ ಎಡಗಡೆ ಗೋಡೇಲಿ ಕಪ್ಪು ಹಲಗೆ ಇದೆ, ಹಿಂದಿನ ದಿನ ಎಷ್ಟು ಸ್ಯಾಂಪಲ್ ಹಾಲು ಉಳೀತು, ಎಷ್ಟಕ್ಕೆ ಹೋಯ್ತು ಅಂತ ಸೀಮೆಸುಣ್ಣದಲ್ಲಿ ಬರೆದಿರ್ತಾರೆ. ಅವ್ವನಿಗೆ ಓದೋಕೆ ಬರಲ್ಲ, ಹಿಂದೆ ನಿಂತಿರೋ ಯಾವುದಾದ್ರೂ ಹುಡುಗನ ಕೈಲಿ ಓದಿಸ್ಕೊಂಡು ಆಮೇಲೆ ಕ್ಯಾನ್ ಮುಂದಿಡ್ತಾಳೆ.

ಇಂತಿ,
ಒಬ್ಬ ಹೈಸ್ಕೂಲ್ ಶಿಕ್ಷಕಿ
ಸರಸ್ವತಿಪುರಂ, ಮೈಸೂರು